ದೊಡ್ಡಕ್ಕನ ಎರಡನೇ ಗೇರು

ಗೇರ್ ಪೆಟ್ಟಿಗೆಯ ಹಳೇ ಎಣ್ಣೆ ಕೊನೇ ತೊಟ್ಟಿನವರೆಗೂ ಬೋಗುಣಿಗೆ ಇಳಿದ ಮೇಲೆ ಸೊಸೆಗೆ ಗೊತ್ತಾಯಿತು: ಹೊಸ ಎಣ್ಣೆ ಹಾಕುವ ಮೇಲಿನ ಬೋಲ್ಟು ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಕಾರು ಮನೆಯ ಮುಂದೆ ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಅವಳು ಅದರ ಕೆಳಗೆ ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದಳು. ಮೊಣಕಾಲು ಹಿಡಿದು ಬಗ್ಗಿದ್ದ ಮಾವನ ಮುಖ ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಏನಾಯ್ತಮ್ಮಾ?"

"ಮೇಲಿನದು ಬರ್ತಿಲ್ಲ, ಮಾವ."

"ಅದು ಆಮೇಲೆ ಬರುತ್ತೆ ಬಿಡು. ಮೊದಲು ಹೊಸ ಎಣ್ಣೆ ಹಾಕು."

"ಎಣ್ಣೆ ಹಾಕೋ ಬಾಯೇ ಅದು."

ಮಾವ ಬೋಗುಣಿಯತ್ತ ಕಣ್ಣು ಹಾಯಿಸಿದರು. "ಹಂಗಾದ್ರೆ ಬೋಗುಣಿಲಿರೋ ಹಳೇದನ್ನೇ ವಾಪಸ್ಸು..."

"ಅದಕ್ಕೂ ಅದೇ ಬಾಯಿ, ಮಾವ."

ಮೇಲಿನದು ಬಿಚ್ಚುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಕೆಳಗಿನದಕ್ಕೆ ಕೈ ಹಾಕಬೇಕೆಂದು ಅವಳು ಓದಿಕೊಂಡಿದ್ದಳು. "ಖಾಲಿ ಮಾಡದೆ ತುಂಬೋದು ಹೆಂಗಮ್ಮಾ? ಕೊಡಕ್ಕೂ ಅಷ್ಟೇ, ಕಾರಿಗೂ ಅಷ್ಟೇ," ಎಂದು ಮಾವ ಹೇಳಿದಾಗ ಅವಳಿಗೆ ತಾನು ಓದಿದ್ದರ ಮೇಲೇ ಅನುಮಾನ ಬಂದಿತ್ತು. ಜೀವಮಾನವಿಡೀ ಬಸ್ಸು ಓಡಿಸಿದವರ ಮಾತಿಗೆ ಎದುರಾಡುವುದುಂಟೇ? ಹೂಂ ಎಂದು ಕೆಳಗಿನದನ್ನೇ ಬಿಚ್ಚಿದ್ದಳು. ಬಸ್ಸು ಓಡಿಸಿದವರು ಬಸ್ಸಿನ ಕೆಳಗೆ ಒಮ್ಮೆಯೂ ಮಲಗಿದವರಲ್ಲ ಎಂಬುದು ಆಗ ಹೊಳೆಯಲಿಲ್ಲ.

ನಾಳೆಯಿಂದ ಬೇಕರಿಯಲ್ಲಿ ಅವಳಿಗೆ ನಸುಕಿನ ಪಾಳಿ. ಮೊದಲ ಬಸ್ಸು ಹೊರಡುವಷ್ಟರಲ್ಲಿ ಮೊದಲ ಬ್ರೆಡ್ಡು ಒಲೆಯಿಂದ ಇಳಿದಿರಬೇಕು. ಕಾರಿಲ್ಲದೆ ಆಗದ ಮಾತು. ಆದರೆ ಈ ಕಾರು ಮಾವನ ಮಕ್ಕಳಿಗಿಂತ ಮೊದಲೇ ಮನೆಗೆ ಬಂದದ್ದು, ಮನೆಮಂದಿಯ ಬಾಯಲ್ಲಿ 'ದೊಡ್ಡಕ್ಕ'. ಕಣ್ಣು ಮಂಜಾಗಿ ಡಾಕ್ಟರು ಓಡಿಸುವುದು ಬೇಡವೆಂದ ಮೇಲೂ ಮಾವ ಅದರ ಕೀಲಿಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ, ಹೆತ್ತ ಮಗನಿಗೂ. ಎರಡನೇ ಗೇರಿಗೆ ಬಿದ್ದಾಗಲೆಲ್ಲ ದೊಡ್ಡಕ್ಕ ಕರಕರ ಹಲ್ಲು ಕಡಿಯುತ್ತಿದ್ದಳು. "ಆ ಸದ್ದು ನಿಲ್ಲಿಸಿದ್ರೆ ಕೀ ನಿಂದು. ಕೆಡಿಸಿದ್ರೆ ನಡ್ಕೊಂಡೇ ಹೋಗು," ಎಂದು ಮಾವ ತೀರ್ಪು ಕೊಟ್ಟಾಗಿತ್ತು.

"ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿದ್ದೀನಿ," ಎಂದಳು ಸೊಸೆ. "ಆದ್ರೂ ಕೈಲಿ ಆಗ್ತಿಲ್ಲ. ಕಾಲು ಕೊಡ್ಬೇಕು."

"ಕಾಲು ಕೊಡೋದು ಅಂದ್ರೆ?"

"ಕಾಲಲ್ಲಿ ತಳ್ಳೋದು."

"ಅದನ್ನ ನಮ್ಮ ಕಾಲದಲ್ಲಿ ಒದೆಯೋದು ಅಂತಿದ್ರು."

"ನಿಮ್ಮೆದುರಿಗೆ ಹೆಂಗೆ ಒದೀಲಿ ಅಂತ್ಲೇ ಸುಮ್ನೆ ಮಲಗಿದ್ದೀನಿ, ಮಾವ."

ಮೇಲೆ ಒಂದು ನಿಟ್ಟುಸಿರು ಕೇಳಿತು. ಮಾವನ ಮುಖ ಮರೆಯಾಗಿ ಚಪ್ಪಲಿಗಳು ಕಾಣಿಸಿದವು. ಅವು ನಿಧಾನಕ್ಕೆ ಅತ್ತ ತಿರುಗಿದವು.

"ನಾನು ರಸ್ತೆ ನೋಡ್ತಿದ್ದೀನಿ," ಎಂದವು ಹಿಮ್ಮಡಿಗಳು. "ಬೇಗ ಮುಗಿಸು."

ಸೊಸೆ ಸ್ಟ್ಯಾಂಡುಗಳು ಭದ್ರವಾಗಿವೆಯೇ ಎಂದು ಮತ್ತೊಮ್ಮೆ ನೋಡಿದಳು. ಬಿಚ್ಚುವ ದಿಕ್ಕು ಇದೇ ತಾನೇ ಎಂದು ಗಾಳಿಯಲ್ಲಿ ಬೆರಳು ತಿರುಗಿಸಿ ಲೆಕ್ಕ ಹಾಕಿದಳು. ಪೈಪಿಗೆ ಪಾದ ಊರಿ, ಕಣ್ಣು ಮುಚ್ಚಿ ತಳ್ಳಿದಳು. ಟಣ್!

"ಅಯ್ಯೋ! ಪೆಟ್ಟಾಗಿದ್ದು ನಿಂಗಾ, ದೊಡ್ಡಕ್ಕಂಗಾ?"

"ಬಂತು ಮಾವ! ಬಂತು!"

ಆಮೇಲಿನದು ಹಬ್ಬ. ಮಾವ ಬಾನೆಟ್ ಎತ್ತಿ, ಉದ್ದ ಕೊಳವೆ ಇಳಿಬಿಟ್ಟು, ಅದರ ಬಾಯಿಗೆ ಲಾಳಿಕೆ ಇಟ್ಟರು. ಕೆಳಗೆ ಸೊಸೆ ಕೊಳವೆಯ ತುದಿಯನ್ನು ತೂತಿಗೆ ಹಿಡಿದಳು. ಕೂಸಿಗೆ ಹಾಲು ಕುಡಿಸುವವರ ಹಾಗೆ ಮಾವ ತುಟಿ ಮುಂದೆ ಮಾಡಿಕೊಂಡು ಹನಿಹನಿಯಾಗಿ ಸುರಿಯತೊಡಗಿದರು.

"ಏನು ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೆನೇ ಎಣ್ಣೆನಾ?" ಎಂದು ಪಕ್ಕದ ಮನೆಯಾತ ಗೋಡೆಯಾಚೆಯಿಂದ ಕಣ್ಣು ಹೊಡೆದ.

"ನಂಗಲ್ಲಪ್ಪಾ, ದೊಡ್ಡಕ್ಕಂಗೆ! ಕುಡಿಸ್ತಿರೋದು ಸೊಸೆ, ನಾನು ಬರೀ ಸುರಿಯೋನು."

"ಸಾಕು ಮಾವ, ಸಾಕು!" ಎಂದು ಕೆಳಗಿನಿಂದ ಕೂಗು ಬಂತು. "ತುಂಬಿ ಉಕ್ತಿದೆ, ನನ್ನ ಕಿವಿಗೇ ಬಂತು!"

ಬೋಲ್ಟುಗಳೆರಡೂ ಬಿಗಿದಾದ ಮೇಲೆ ಕಾರು ನೆಲಕ್ಕಿಳಿಯಿತು. ಮಾವ ಜೇಬಿನಿಂದ ಕೀಲಿಕೈ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕಾರನ್ನು ನೋಡಿದರು, ಸೊಸೆಯನ್ನು ನೋಡಿದರು. "ಸದ್ದು ಸರಿಯಾಗಿ ಕೇಳ್ಬೇಕಾದ್ರೆ ಪಕ್ಕದ ಸೀಟೇ ಒಳ್ಳೇದು," ಎಂದು ಅದನ್ನು ಅವಳ ಅಂಗೈಯಲ್ಲಿಟ್ಟು, ಇಷ್ಟು ವರ್ಷ ಅತ್ತೆ ಕೂರುತ್ತಿದ್ದ ಕಡೆಗೆ ಸುತ್ತಿ ಹೋದರು. ಆ ಕಡೆಯ ಬೆಲ್ಟು ಎಲ್ಲಿಂದ ಎಳೆಯಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಸೊಸೆಯೇ ಎಳೆದು ಸಿಕ್ಕಿಸಿದಳು.

ಮೊದಲನೇ ಗೇರು. ಇಬ್ಬರೂ ಉಸಿರು ಬಿಗಿಹಿಡಿದರು. ಎರಡನೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿತ್ತು.

"ಬಿತ್ತಾ?"

"ಬಿತ್ತು, ಮಾವ."

"ಮತ್ತೆ ಕೇಳಿಸ್ಲೇ ಇಲ್ಲ!" ಎಂದು ಮಾವ ಮೋಸಹೋದವರಂತೆ ಕೂಗಿ, ಆಮೇಲೆ ನಗತೊಡಗಿದರು.

ಬೀದಿಯ ತಿರುವಿನಲ್ಲಿ ಅಡ್ಡರಸ್ತೆಯಿಂದ ಸೈಕಲ್ಲೊಂದು ಸರ್ರನೆ ನುಗ್ಗಿತು. ಕಾರು ಮುಗ್ಗರಿಸದೆ, ಕಿರುಚದೆ ತಣ್ಣಗೆ ನಿಂತಿತು. ಸೈಕಲ್ಲಿನವನು ಕೈಯೆತ್ತಿ ಹಾದುಹೋದ.

"ಸರಿಯಾದ ಹೊತ್ತಿಗೆ ಬ್ರೇಕು ಹಾಕಿದೆ," ಎಂದರು ಮಾವ.

ಹಾಕಿದ್ದು ನೀನು ಎಂದೋ, ನಾನು ಎಂದೋ? ಸೊಸೆ ಪಕ್ಕಕ್ಕೆ ನೋಡಿದಳು. ಮಾವನ ಬಲಗಾಲು, ಪೆಡಲೇ ಇಲ್ಲದ ಆ ಕಡೆಯ ಕಾಲುಚಾಪೆಯನ್ನು ಬಲವಾಗಿ ಒತ್ತಿ ಹಿಡಿದಿತ್ತು.