ಬಾಗಿಲಿಗೂ ಗೋಡೆಗೂ ನಡುವೆ

ರಾಮಲಿಂಗಯ್ಯ ಸ್ಟೂಲಿನ ಮೇಲೆ ನಿಂತು ತೊಲೆಯಿಂದ ಇಳಿಬಿಟ್ಟಿದ್ದ ದಾರಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದ. ಕೆಳಗೆ ಹೆಂಡತಿ ಆದಿಲಕ್ಷ್ಮಮ್ಮ ಮೊರ ಹಿಡಿದು ಮಣಿಗಳನ್ನು ತುಂಬಿಕೊಳ್ಳುತ್ತಿದ್ದಳು.

"ನಮ್ಮಮ್ಮ ಬಂದಾಗ ಒಂದು ದಾರ ಸರಿಸೋಕೆ ಒಪ್ಪಲಿಲ್ಲ. ಇವತ್ತೇನ್ರೀ ಎಲ್ಲಾ ಕತ್ತರಿಸ್ತಿದ್ದೀರಿ?"

"ಕೆಲಸ ಮುಗೀತು ಕಣೇ."

ಮುಗಿದದ್ದು ಅವನ ಕೈಯಲ್ಲಲ್ಲ. ದೊಡ್ಡಬಳ್ಳಾಪುರದ ಕಾಲೇಜಿನ ಈ ಭೌತಶಾಸ್ತ್ರದ ಮೇಷ್ಟ್ರು, ಹೊರದೇಶದವರು ಅಳೆದು ಪ್ರಕಟಿಸಿದ ಅಂಕಿಗಳನ್ನು ತಂದು ಆಕಾಶದ ಒಂದು ತುಂಡನ್ನು ಕೋಣೆಯಲ್ಲಿ ನೇತುಹಾಕಿದ್ದ. ಒಂದು ಗೆಲಾಕ್ಸಿಗೆ ಒಂದು ಮಣಿ. ಅದರ ಬೆಳಕು ಕೆಂಪಿನತ್ತ ಹೆಚ್ಚು ಸರಿದಷ್ಟೂ ಅದು ನಮ್ಮಿಂದ ದೂರ. ಬಾಗಿಲೇ ನಾವಿರುವ ಜಾಗ; ಅಲ್ಲಿಂದ ಮಣಿಯೂ ಅದೇ ಲೆಕ್ಕದಲ್ಲಿ ದೂರ. ಬಾಗಿಲ ಬಳಿ ಒಂದಿಷ್ಟು ಮಣಿ, ಆಚೆ ಗೋಡೆಯ ಹತ್ತಿರ ದೊಡ್ಡ ಗೊಂಚಲು. ನಡುವೆ ಏನೂ ಇಲ್ಲ. ಅಲ್ಲಿಯ ಗೆಲಾಕ್ಸಿಗಳನ್ನು ಇನ್ನೂ ಯಾರೂ ಅಳೆದಿಲ್ಲ ಎಂದುಕೊಂಡ. ನೆಯ್ಗೆಯವರ ಮನೆಯಲ್ಲಿ ಹುಟ್ಟಿದವನು. ನಡುವೆ ಎಳೆ ತಪ್ಪಿದ ಸೀರೆಯನ್ನು ಹೊರಗೆ ಕಳಿಸಿದ್ದು ಅವರ ಮನೆತನದಲ್ಲೇ ಇಲ್ಲ. ಜಾಗ ತುಂಬಲಿ, ಆಮೇಲೆ ಬರೆಯೋಣ ಎಂದು ವರ್ಷಗಟ್ಟಲೆ ಕಾದ.

ನಿನ್ನೆ ಬೆಂಗಳೂರಿನ ಗ್ರಂಥಾಲಯದಲ್ಲಿ ಖಗೋಳ ವಿಜ್ಞಾನದ ಪತ್ರಿಕೆಯೊಂದರ ಎಪ್ಪತ್ತೆಂಟರ ಹೊಸ ಸಂಚಿಕೆ ಸಿಕ್ಕಿತು. ಅದೇ ಆಕಾಶ. ಅಳೆಯದೆ ಬಿಟ್ಟದ್ದಲ್ಲ, ಆ ಜಾಗವೇ ಬರಿದು ಎಂದು ಯಾರೋ ಬರೆದಿದ್ದರು.

"ಹಂಗಾದ್ರೆ ಮೊದಲು ಕಂಡಿದ್ದು ನಿಮಗೇ ಅಲ್ವಾ?"

"ಕಂಡಿತ್ತು. ನಂಬಲಿಲ್ಲ."

ಆದಿಲಕ್ಷ್ಮಮ್ಮ ಮೊರ ಕೆಳಗಿಟ್ಟಳು. ಸೊಂಟ ಮುರಿದುಕೊಂಡ ಅವಳ ತಾಯಿ ಅಕ್ಕಯ್ಯಮ್ಮ, ಮಗಳ ಹತ್ತಿರ ಇರುತ್ತೇನೆಂದು ಎರಡು ವರ್ಷದ ಹಿಂದೆ ಬಂದಿದ್ದಳು. ಮನೆಗಿದ್ದದ್ದು ಇದೊಂದೇ ಕೋಣೆ. ಹೊರಗಿನ ಹಜಾರದಲ್ಲೆಲ್ಲ ಮಗ್ಗ. "ಎಲ್ಲಾರೂ ಬಾಗಿಲಿಗೆ ತೋರಣ ಕಟ್ತಾರೆ. ನೀವು ರೂಮಿಗೆಲ್ಲ ಕಟ್ಬಿಟ್ಟಿದ್ದೀರಲ್ಲ ಅಳಿಯಂದ್ರೇ!" ಎಂದು ಮುದುಕಿ ನಕ್ಕಿದ್ದಳು. ಅಳಿಯ ಮಾತ್ರ, ನಡುವಿನ ಮಣಿಗಳೂ ಬರಬೇಕು, ಬಂದ ಮೇಲೆ ಎಲ್ಲ ತೆಗೆದು ಕರೆಸಿಕೊಳ್ಳೋಣ ಎಂದಿದ್ದ. ಅಕ್ಕಯ್ಯಮ್ಮ ನೆಲಮಂಗಲದ ತಂಗಿಯ ಮನೆ ಸೇರಿದಳು. ಹೋದ ಆಷಾಢದಲ್ಲಿ ಅಲ್ಲೇ ತೀರಿಕೊಂಡಳು. ಮಗಳು ತಲುಪುವ ಹೊತ್ತಿಗೆ ಮುಖಕ್ಕೆ ಬಟ್ಟೆ ಹೊದಿಸಿದ್ದರು.

"ಇಲ್ಲಿಗೆ ಇನ್ನು ಯಾವ ಮಣೀನೂ ಬರೋದಿರ್ಲಿಲ್ವಾ?"

"ಇಲ್ಲ."

ಅವಳು ಇನ್ನೂ ತೂಗುತ್ತಿದ್ದ ಗೊಂಚಲಿಗೆ ಬೆನ್ನು ಮಾಡಿ, ಬರಿ ಜಾಗದ ನಡುವೆ ನಿಂತು ಎರಡೂ ಕೈ ಚಾಚಿದಳು. ಯಾವ ಕೈಗೂ ದಾರ ತಾಕಲಿಲ್ಲ.

"ಅಮ್ಮನ ಮಂಚ ಹಿಡಿಸ್ತಿತ್ತು ಕಣ್ರೀ," ಎಂದಳು.