ಕೆಂಪಾದ ರಬ್ಬರು

ಮಗಳ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಗೇಮ್ ಆಡಲು ನಮ್ಮ ಹಳೆಯ ಕಂಪ್ಯೂಟರಿಗೆ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬೇಕಿತ್ತು. ಅಮ್ಮ ಕೊಟ್ಟ ದುಡ್ಡಿಗೆ ಒಂದೇ ಬರುತ್ತಿತ್ತು. ಅಣ್ಣ ಮಡಿವಾಳದ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಆರಿಸಿದ. “ವಾಪಸ್ ತಗೊಳ್ಳಲ್ಲ ಗುರು” ಎಂದಿದ್ದರು ಅಂಗಡಿಯವರು.

ಮನೆಯಲ್ಲಿ ಅಮ್ಮ ಅದನ್ನು ದೇವರ ಮುಂದಿಟ್ಟು, ಕಂಪ್ಯೂಟರಿನೊಳಗಿನ ಸ್ಲಾಟಿಗೆ ಕೂರುವ ಹೊಂಬಣ್ಣದ ಅಂಚಿಗೇ ಒದ್ದೆ ಕುಂಕುಮ ಹಚ್ಚಿದಳು. ಅಣ್ಣ ಕಾರ್ಡ್ ಕೂರಿಸಿ ಆನ್ ಮಾಡಿದರೆ ಸ್ಕ್ರೀನು ಬೆಳಗಲೇ ಇಲ್ಲ.

“ನಾನೇ ಏನಾದ್ರೂ ಕೆಡ್ಸಿಬಿಟ್ನಾ?” ಎಂದಳು.

“ಇಲ್ಲಮ್ಮ, ನಾನೇ ಸರಿಯಾಗಿ ಕೂರ್ಸಿಲ್ಲ” ಎಂದ ಅಣ್ಣ.

ಅವಳು ಅಡುಗೆಮನೆಗೆ ಹೋದ ಮೇಲೆ ಕಾರ್ಡ್ ತೆಗೆದು, ನನ್ನ ರಬ್ಬರಿನಿಂದ ಅದರ ಅಂಚನ್ನು ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿದ. ಸ್ಕ್ರೀನು ಬೆಳಗಿತು. ಕೆಂಪಾದ ರಬ್ಬರನ್ನು ನನ್ನ ಕೈಗಿಟ್ಟು “ಬಚ್ಚಿಡು” ಎಂದ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಕೂಗಿದ: “ಅಮ್ಮಾ, ನೀನೇ ಬಂದು ಆನ್ ಮಾಡು.”