ಬೇರಿನ ಸುತ್ತ ಕಪ್ಪು ಎಳೆ

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅಪ್ಪ ತಲೆ ಎತ್ತಲೇ ಇಲ್ಲ. ಅವನು ಆಯುಷ್ಯವೆಲ್ಲ ಸೀಸ ಕರಗಿಸಿದ್ದ ಕಾರ್ಖಾನೆಯ ಹಿತ್ತಲಲ್ಲಿ ಬೆಳೆದ ಹುಲ್ಲಿನ ಬೇರು ಅದು. ಸೀಸವಿದ್ದಲ್ಲಿ ಕಪ್ಪಾಗುವ ಬಣ್ಣವನ್ನು ಮಗಳು ಅದಕ್ಕೆ ಹಾಕಿದ್ದಳು.

“ಬೇರು ಬೆಳ್ಳಗಿದೆಯಲ್ಲೇ! ಸುತ್ತ ಇರೋ ಕರೀ ದಾರ ಏನು?”

“ಅದು ಶಿಲೀಂಧ್ರ ಅಪ್ಪ, ಅಣಬೆ ಜಾತಿ. ಬೇರು ಕೊಡೋ ಸಕ್ಕರೆ ತಿಂದ್ಕೊಂಡು ಅದರ ಜೊತೇಲೇ ಬದುಕುತ್ತೆ. ಮಣ್ಣಿನ ಸೀಸಾನ ಆದಷ್ಟೂ ತಾನೇ ಹಿಡಿದಿಟ್ಕೊಂಡು ಬೇರಿಗೆ ಹೋಗದ ಹಾಗೆ ತಡೆಯುತ್ತೆ.”

“ಉಪ್ಪಿನ ಋಣ ಅಲ್ಲ, ಸಕ್ಕರೆ ಋಣ ಅನ್ನು,” ಅಪ್ಪ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ, “ಅದಕ್ಕೇನೂ ಆಗಲ್ವಾ?”

“ಸೀಸ ತುಂಬಾ ಆದ್ರೆ ಅದೂ ಸಾಯುತ್ತೆ.”

ಅಪ್ಪನ ನಗು ನಿಂತಿತು. “ನನ್ನ ಕೆಲಸದ ಬಟ್ಟೆ ಮುಟ್ಟಿದ್ರೆ ನಿಮ್ಮಮ್ಮ ನಿನ್ನ ಕೈಗೆ ಹೊಡೀತಿದ್ಲು. ನೆನಪಿದೆಯಾ?”

ಮಗಳಿಗೆ ನೆನಪಿತ್ತು. ಅಮ್ಮ ಬಚ್ಚಲ ಬಾಗಿಲು ಹಾಕಿಕೊಂಡು ಆ ಬಟ್ಟೆಯ ಧೂಳು ಕೊಡವಿ ಒಬ್ಬಳೇ ಒಗೆಯುತ್ತಿದ್ದಳು. ಕಾರ್ಖಾನೆಗೆ ಕಾಲಿಡದ ಅವಳ ರಕ್ತದಲ್ಲಿ ಅಷ್ಟು ಸೀಸ ಎಲ್ಲಿಂದ ಬಂತೆಂದು ಕೊನೆಯ ದಿನಗಳಲ್ಲಿ ವೈದ್ಯರು ಕೇಳಿದಾಗ ಅಪ್ಪ ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು.

ಮಗಳು ಸೂಕ್ಷ್ಮದರ್ಶಕದ ದೀಪ ಆರಿಸಲು ಕೈ ಚಾಚಿದಳು. ಅಪ್ಪ ಆ ಕೈ ಹಿಡಿದುಕೊಂಡ.

“ಇರ್ಲಿ ಬಿಡೇ. ಇನ್ನೊಂಚೂರು ನೋಡ್ತೀನಿ.”